ಗೋವನ್ ಕೇರಿಯ ಕುಡುಕ ಟಿ.ವಿ.ಗೆ ಬಂದದ್ದು

ತಲೆಗೆ ಸುತ್ತಿದ ಕೊಳಕು ಬ್ಯಾಂಡೇಜು. ಒಳಗೆ ಮೀನಿನ ಬಲೆಯಂಥ ತೂತು ಬನಿಯನ್ನು, ಹೊರಗೆ ಮಾಸಿಹೋದ ಸೂಟು. ಬೋಳಿಸದ ಗಡ್ಡ. ಕಾಲು ನೆಲದ ಮೇಲೆ ನಿಲ್ಲದು, ಆದರೆ ಬಾಯಿ ಮಾತ್ರ ನಿಲ್ಲೋದಿಲ್ಲ. ಬೀದಿಯಲ್ಲಿ ನಿಂತು ಅವನು ನೇರವಾಗಿ ನಮ್ಮ ಮುಖ ನೋಡಿ ಮಾತಾಡ್ತಾನೆ. ಯಾರ ಅಪ್ಪಣೆಯನ್ನೂ ಕೇಳೋದಿಲ್ಲ. ಇವನ ಹೆಸರು ರ‍್ಯಾಬ್ ಸಿ. ನೆಸ್ಬಿಟ್. ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೋವನ್. ಬಿಬಿಸಿಯ ಸ್ಕಾಟ್ಲೆಂಡ್ ಶಾಖೆ 1986ರಿಂದ 1991ರವರೆಗೆ ನಡೆಸಿದ 'ನೇಕೆಡ್ ವಿಡಿಯೋ' ಎಂಬ ನಗೆ ತುಣುಕುಗಳ ಕಾರ್ಯಕ್ರಮದಲ್ಲಿ ಈತ ಮತ್ತೆ ಮತ್ತೆ ಬರುತ್ತಿದ್ದ ಪಾತ್ರ. ಬರೆದವನು ಇಯಾನ್ ಪ್ಯಾಟಿಸನ್, ಆಡಿದವನು ಗ್ರೆಗರ್ ಫಿಷರ್. ಮೊದಲಿಗೆ ಎರಡು ಮೂರು ನಿಮಿಷ ಬಂದು ಬೈದು ಹೋಗುತ್ತಿದ್ದ. ಆಮೇಲೆ ಅವನಿಗೊಂದು ಮನೆ ಆಯಿತು, ಹೆಂಡತಿ ಮಕ್ಕಳಾದರು, ಅವನದೇ ಹೆಸರಿನ ಕಾರ್ಯಕ್ರಮ ಆಯಿತು. ಅದು ನಡುನಡುವೆ ನಿಂತು ಮತ್ತೆ ಹುಟ್ಟಿ 2014ರವರೆಗೆ ಬಂತು.

ಒಬ್ಬ ಕುಡುಕನ ಮೇಲೆ ಇಷ್ಟುದ್ದ ಬರೆಯೋದಕ್ಕೆ ಏನಿದೆ ಅಂತ ನೀವು ಕೇಳಬಹುದು. ಬಡವನ ಬಟ್ಟೆ, ಬಡವನ ಮಾತು, ಬಡವನ ಕುಡಿತ ನೋಡಿ ನಗೋದು ಲೋಕದಲ್ಲೇ ಅಗ್ಗದ ನಗೆ. ಅದಕ್ಕೆ ಬುದ್ಧಿ ಬೇಡ, ಬರೇ ಹೊಟ್ಟೆ ತುಂಬಿರಬೇಕು. ರ‍್ಯಾಬ್‌ನನ್ನೂ ಹಾಗೆ ನೋಡಿ ನಕ್ಕವರು ಲಕ್ಷಗಟ್ಟಲೆ. ಆದರೆ ಅದೇ ಕುಡುಕನನ್ನು ನೋಡಿ ಗೋವನ್ ಜನವೂ ನಕ್ಕರು. ಈ ಎರಡು ನಗೆ ಒಂದೇನಾ? ನಮ್ಮ ಪ್ರಶ್ನೆ ಇಷ್ಟೆ. ಉತ್ತರಕ್ಕೆ ಮೊದಲು ಗೋವನ್ ಎಂಥ ಊರು ಅನ್ನೋದನ್ನು ನೋಡಬೇಕು.

ಕ್ಲೈಡ್ ನದಿಯ ದಕ್ಷಿಣ ದಂಡೆಯ ಗೋವನ್ 1912ರವರೆಗೆ ಬೇರೆಯೇ ಪಟ್ಟಣ; ಆಮೇಲೆ ಗ್ಲಾಸ್ಗೋಗೆ ಸೇರಿತು. ಅದರ ಕಸುಬು ಹಡಗು ಕಟ್ಟೋದು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಹಡಗುಗಳಲ್ಲಿ ಐದನೇ ಒಂದು ಪಾಲು ಈ ಕ್ಲೈಡ್ ದಂಡೆಯಲ್ಲೇ ನೀರಿಗಿಳಿಯುತ್ತಿದ್ದವು. ಸಾಮ್ರಾಜ್ಯದ ಹಡಗು ಕಟ್ಟಿದವರು ತಾವು ಮಾತ್ರ ಒಂದು ಕೋಣೆ, ಎರಡು ಕೋಣೆಯ ಬಾಡಿಗೆ ಗೂಡುಗಳಲ್ಲಿ ತುಂಬಿಕೊಂಡಿದ್ದರು. 1915ರಲ್ಲಿ ಗಂಡಸರು ಯುದ್ಧಕ್ಕೋ ಕಾರ್ಖಾನೆಗೋ ಹೋಗಿದ್ದಾಗ ಮನೆ ಮಾಲೀಕರು ಬಾಡಿಗೆ ಏರಿಸಿದರು. ಗೋವನ್ ಹೆಂಗಸರು, ಮೇರಿ ಬಾರ್ಬರ್ ಎಂಬಾಕೆಯ ಮುಂದಾಳ್ತನದಲ್ಲಿ, ಕೊಡೋದಿಲ್ಲ ಅಂದರು. ಮನೆ ಖಾಲಿ ಮಾಡಿಸಲು ಅಧಿಕಾರಿ ಬಂದರೆ ಮೆಟ್ಟಿಲ ತುದಿಯಲ್ಲಿ ಗಂಟೆ ಬಾರಿಸೋದು, ಪಾತ್ರೆ ಬಡಿಯೋದು, ಹಿಟ್ಟು ಎರಚೋದು. ನವೆಂಬರ್ 17ರಂದು ಸಾವಿರಾರು ಜನ ಕೋರ್ಟಿನ ಮುಂದೆ ನಿಂತರು. ಅದೇ ವರ್ಷ ಸರ್ಕಾರ ಬಾಡಿಗೆಗೆ ಮಿತಿ ಹಾಕುವ ಕಾಯಿದೆ ತರಬೇಕಾಯಿತು.

1971ರಲ್ಲಿ ಅದೇ ಗೋವನ್ ಮತ್ತೆ ಸುದ್ದಿಗೆ ಬಂತು. ಯಾರ್ಡುಗಳನ್ನು ಒಟ್ಟು ಮಾಡಿ ನಡೆಸುತ್ತಿದ್ದ ಅಪ್ಪರ್ ಕ್ಲೈಡ್ ಷಿಪ್‌ಬಿಲ್ಡರ್ಸ್ ಕಂಪನಿ ದಿವಾಳಿ ಎದ್ದಿತು. ಎಡ್ವರ್ಡ್ ಹೀತ್‌ನ ಸರ್ಕಾರ ಸಾಲ ಕೊಡೋದಿಲ್ಲ ಅಂತು. ಕುಂಟು ಬಾತುಕೋಳಿಗಳನ್ನು ಸಾಕೋದು ಸರ್ಕಾರದ ಕೆಲಸವಲ್ಲ ಅನ್ನೋದು ಆಗಿನ ಮಂತ್ರಿಗಳ ಮಾತು. ಎಂಟು ಸಾವಿರಕ್ಕೂ ಹೆಚ್ಚು ಜನರ ಅನ್ನದ ಪ್ರಶ್ನೆ. ಆಗ ಕೆಲಸಗಾರರು ಮುಷ್ಕರ ಹೂಡಲಿಲ್ಲ. ಅವರು ಮಾಡಿದ್ದು ತಿರುವುಮುರುವು: ಕೆಲಸ ಬಿಡೋದಿಲ್ಲ, ಗೇಟು ನಮ್ಮ ಕೈಲಿ, ಹಡಗು ನಾವೇ ಮುಗಿಸ್ತೀವಿ ಅಂತ ಕೂತರು. ಜುಲೈ ಕೊನೆಯಲ್ಲಿ ಶುರುವಾದದ್ದು 1972ರ ಅಕ್ಟೋಬರಿನವರೆಗೆ ನಡೆಯಿತು. ಸರ್ಕಾರ ಬಾಗಿತು, ಹಣ ಕೊಟ್ಟಿತು.

ಆ ಹೋರಾಟದ ದನಿ ಜಿಮ್ಮಿ ರೀಡ್. ಗೋವನ್‌ನಲ್ಲೇ 1932ರಲ್ಲಿ ಹುಟ್ಟಿದ ಕಮ್ಯುನಿಸ್ಟ್. ಮೊದಲ ಸಭೆಯಲ್ಲೇ ಅವನು ಹೇಳಿದ ಮಾತು ಗ್ಲಾಸ್ಗೋದಲ್ಲಿ ಈಗಲೂ ಜನರ ಬಾಯಲ್ಲಿದೆ: ಪುಂಡಾಟ ಇಲ್ಲ, ವಸ್ತು ಒಡೆಯೋದಿಲ್ಲ, ಕುಡಿಯೋದಿಲ್ಲ, ಲೋಕವೆಲ್ಲ ನಮ್ಮನ್ನು ನೋಡ್ತಾ ಇದೆ. ಕುಡಿತಕ್ಕೆ ಅವನು ಬಳಸಿದ ಪದ ಪುಸ್ತಕದ ಇಂಗ್ಲಿಷಲ್ಲ, 'ಬೆವಿ' ಅನ್ನುವ ಬೀದಿಯ ಪದ. ಬಡವರು ಹೋರಾಡುವಾಗ ಅವರ ಮೇಲೆ ಎರಡು ಹೊರೆ. ಒಂದು, ಗೆಲ್ಲಬೇಕು. ಎರಡು, ಗೆಲ್ಲುವಾಗ ಸಭ್ಯರಂತೆ ಕಾಣಿಸಬೇಕು. ರೀಡ್‌ಗೆ ಇದು ಗೊತ್ತಿತ್ತು. ಅವನು ಜಾಣ, ಪತ್ರಿಕೆಗಳು ಮೊದಲು ಹುಡುಕೋದು ಬಾಟ್ಲಿಯನ್ನೇ ಅಂತ ಅವನಿಗೆ ಗೊತ್ತಿತ್ತು.

ಹಾಗಾದರೆ ಕುಡಿದವನ ಪಾಡೇನು? ಅವನಿಗೂ ಒಂದು ಬಾಯಿ ಇಲ್ಲವೇ?

ಹದಿನೈದು ವರ್ಷ ಕಳೆದು ಅದೇ ಊರಿಂದ ಟಿ.ವಿ.ಗೆ ಬಂದವನು ರ‍್ಯಾಬ್. ಅಷ್ಟರಲ್ಲಿ ಏನೇನಾಗಿತ್ತು ನೋಡಿ. 1979ರಲ್ಲಿ ಥ್ಯಾಚರ್ ಬಂದಳು. 1982ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಲೆಕ್ಕ 30 ಲಕ್ಷ ದಾಟಿತು. ಯಾರ್ಡುಗಳ ಕೆಲಸ ಕರಗುತ್ತಾ ಬಂತು. ಅಪ್ಪ ರಿವೆಟ್ ಹೊಡೆದವನು, ಮಗ ವೆಲ್ಡಿಂಗ್ ಕಲಿತವನು, ಮೊಮ್ಮಗ ಭತ್ಯೆಯ ಕ್ಯೂನಲ್ಲಿ ನಿಂತವನು. ರೀಡ್ ಮಾತಾಡಿದ್ದು ಕೈಯಲ್ಲಿ ಕೆಲಸ ಇದ್ದ ಜನರ ಪರವಾಗಿ, ಆ ಕೆಲಸ ಉಳಿಸೋದಕ್ಕೆ. ರ‍್ಯಾಬ್ ಮಾತಾಡೋದು ಉಳಿಸೋದಕ್ಕೆ ಏನೂ ಇಲ್ಲದ ಮೇಲೆ. ಈ ಹಿಂದಿನ ಕಥೆ ತಿಳಿಯದವನಿಗೆ ರ‍್ಯಾಬ್ ಬರೀ ಕುಡುಕ. ತಿಳಿದವನಿಗೆ ಅವನ ತೂತು ಬನಿಯನ್ನಿನ ಒಂದೊಂದು ತೂತಿನಲ್ಲೂ ಮುಚ್ಚಿದ ಗೇಟು ಕಾಣುತ್ತೆ.

ಇನ್ನು ಮಾತಿನ ವಿಷಯ. ಇದು ಹಳ್ಳಿ ಮೇಷ್ಟ್ರುಗಳು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ರ‍್ಯಾಬ್ ಆಡೋದು ಗ್ಲಾಸ್ಗೋ ದುಡಿಯುವ ಜನರ ಸ್ಕಾಟ್ಸ್. ಇಂಗ್ಲಿಷಿನ ದಾಯಾದಿ, ಆದರೆ ಇಂಗ್ಲಿಷ್ ಅಲ್ಲ. ಶಾಲೆಗಳಲ್ಲಿ ಮಕ್ಕಳು ಮನೆಮಾತು ಆಡಿದರೆ ಬಾರುಕೋಲು ಕೈಮೇಲೆ ಬೀಳುತ್ತಿತ್ತು. 'ಟಾಸ್' ಎಂಬ ಆ ಚರ್ಮದ ಪಟ್ಟಿ ಸ್ಕಾಟ್ಲೆಂಡಿನ ಸರ್ಕಾರಿ ಶಾಲೆಗಳಿಂದ ಹೋದದ್ದು 1987ರಲ್ಲಿ, ಅಂದರೆ ರ‍್ಯಾಬ್ ಟಿ.ವಿ.ಯಲ್ಲಿ ಮಾತಾಡೋಕೆ ಶುರು ಮಾಡಿದ ಕಾಲಕ್ಕೆ. 1946ರಲ್ಲಿ ಪ್ರಾಥಮಿಕ ಶಿಕ್ಷಣ ಕುರಿತ ಸರ್ಕಾರಿ ಸಲಹಾ ವರದಿಯೊಂದು ಸ್ಕಾಟ್ಸ್ ಎಲ್ಲಿಯೂ ವಿದ್ಯಾವಂತರ ಭಾಷೆಯಲ್ಲ, ವಿದ್ಯೆಗಾಗಲಿ ಸಂಸ್ಕೃತಿಗಾಗಲಿ ತಕ್ಕ ಮಾಧ್ಯಮವಲ್ಲ ಎಂದು ಬರೆದಿಟ್ಟಿತು. ರೇಡಿಯೊ ಕಥೆಯೂ ಅದೇ. ಬಿಬಿಸಿಯನ್ನು ಕಟ್ಟಿದ ಜಾನ್ ರೀತ್ ಸ್ಕಾಟ್ಲೆಂಡಿನವನೇ, ಗ್ಲಾಸ್ಗೋದಲ್ಲಿ ಬೆಳೆದವನೇ. ಆದರೆ ಬಿಬಿಸಿ ಉಚ್ಚಾರ ಹೇಗಿರಬೇಕು ಅಂತ ತೀರ್ಮಾನಿಸೋದಕ್ಕೆ 1926ರಲ್ಲಿ ಒಂದು ಸಮಿತಿ ಮಾಡಿದ. ಆ ಸಮಿತಿಯ ಕಾಲದಿಂದ ಸುದ್ದಿ ಓದುವ ಬಾಯಿ ಅಂದರೆ ದಕ್ಷಿಣ ಇಂಗ್ಲೆಂಡಿನ ದೊಡ್ಡ ಶಾಲೆಗಳ ಬಾಯಿ. ಈ ಅನ್ಯಾಯವನ್ನು ಗ್ಲಾಸ್ಗೋ ಕವಿ ಟಾಮ್ ಲೆನರ್ಡ್ ತನ್ನೂರಿನ ಉಚ್ಚಾರದಲ್ಲೇ ಕವಿತೆ ಬರೆದು ಹಿಡಿದು ತೋರಿಸಿದ.

ಸ್ಕಾಟ್ಸ್ ಪ್ರೇಮಿಗಳಲ್ಲೂ ಒಂದು ಮಡಿವಂತಿಕೆ ಇತ್ತು. ಹೊಲದ, ಹಳೇ ಹಾಡಿನ ಸ್ಕಾಟ್ಸ್ ಒಳ್ಳೇದು, ಗ್ಲಾಸ್ಗೋ ಗಲ್ಲಿಯದು ಕೆಟ್ಟು ಹೋದದ್ದು ಅಂತ. ಭಾಷೆ ಉಳಿಸುವ ಉಮೇದಿನಲ್ಲಿ ಭಾಷೆ ಆಡುವ ಜನರನ್ನು ಹೊರಗಿಡೋದು! 1994ರಲ್ಲಿ ಜೇಮ್ಸ್ ಕೆಲ್ಮನ್ ಗ್ಲಾಸ್ಗೋ ಬಾಯಿಮಾತಿನಲ್ಲಿ ಬರೆದ ಕಾದಂಬರಿಗೆ ಬೂಕರ್ ಬಂದಾಗ ತೀರ್ಪುಗಾರರಲ್ಲೇ ಒಬ್ಬರು ಅದನ್ನು ನಾಚಿಕೆಗೇಡು ಎಂದರು. ತನ್ನ ಸಂಸ್ಕೃತಿಗೂ ತನ್ನ ಭಾಷೆಗೂ ಬದುಕುವ ಹಕ್ಕಿದೆ ಅಂತ ಕೆಲ್ಮನ್ ವೇದಿಕೆಯ ಮೇಲೇ ಹೇಳಿದ. ಕಾದಂಬರಿಗೇ ಈ ಗತಿ ಅಂದಮೇಲೆ ಟಿ.ವಿ.ಯ ಕುಡುಕನಿಗೆ ಏನು ಮರ್ಯಾದೆ ಸಿಕ್ಕೀತು. ಇಂಗ್ಲೆಂಡಿನಲ್ಲಿ ಅವನ ಮಾತು ತಿಳಿಯೋದಿಲ್ಲ, ಕೆಳಗೆ ಅನುವಾದ ಹಾಕಿ ಅನ್ನೋದೇ ಒಂದು ಜೋಕಾಯಿತು.

ಸ್ಕಾಟ್ಲೆಂಡಿನವರನ್ನು ನಗೆಪಾಟಲು ಮಾಡೋ ವ್ಯಾಪಾರ ಹಳೆಯದು. ಹ್ಯಾರಿ ಲಾಡರ್ ಎಂಬ ಗಾಯಕ ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಆಮೇಲೆ ಕಿಲ್ಟು ಉಟ್ಟು, ಸೊಟ್ಟ ಕೋಲು ಹಿಡಿದು, ಜಿಪುಣ ಸ್ಕಾಟನ ವೇಷ ಹಾಕಿ ಲೋಕ ಸುತ್ತಿದ. 1919ರಲ್ಲಿ ಅವನಿಗೆ ಸರ್ ಪದವಿಯೂ ಬಂತು. ಧಣಿಗಳಿಗೆ ಇಂಥ ಸ್ಕಾಟ್ ಬೇಕಿತ್ತು. ಗಣಿಯ ಮಸಿ ಮೆತ್ತಿದ ಮುಖ ಬೇಕಿರಲಿಲ್ಲ.

'ನೇಕೆಡ್ ವಿಡಿಯೋ' ತಂಡ ಬೇರೆ ಕಡೆಯಿಂದ ಬಂದದ್ದು. ಮೊದಲು ಬಿಬಿಸಿ ರೇಡಿಯೊ ಸ್ಕಾಟ್ಲೆಂಡಿನಲ್ಲಿ 'ನೇಕೆಡ್ ರೇಡಿಯೊ' ಅಂತ ನಡೆಯುತ್ತಿತ್ತು. ರ‍್ಯಾಬ್‌ನ ಹೆಂಡತಿಯಾಗಿ ಬಂದ ಎಲೇನ್ ಸಿ. ಸ್ಮಿತ್ ಹೋರಾಟದ ರಂಗಭೂಮಿಯಲ್ಲಿ ಪಳಗಿದ ನಟಿ. 7:84 ಮತ್ತು ವೈಲ್ಡ್‌ಕ್ಯಾಟ್ ತಂಡಗಳಲ್ಲಿ ಆಡಿದವಳು. 7:84 ಅಂದರೆ ನೂರಕ್ಕೆ ಏಳು ಜನರ ಕೈಯಲ್ಲಿ ನೂರಕ್ಕೆ ಎಂಬತ್ನಾಲ್ಕು ಪಾಲು ಸಂಪತ್ತು ಅನ್ನೋ ಲೆಕ್ಕ. ಆ ಲೆಕ್ಕವನ್ನೇ ಹೆಸರಾಗಿ ಇಟ್ಟುಕೊಂಡು 1973ರಿಂದ ಹಳ್ಳಿ ಹಳ್ಳಿಯ ಸಭಾಮಂದಿರಗಳಲ್ಲಿ ಹಾಡು ನಾಟಕ ಆಡಿದ ತಂಡ ಅದು. ರ‍್ಯಾಬ್‌ನ ಗೆಳೆಯ ಜೇಮ್ಸಿ ಕಾಟರ್ ಆಗಿ ಬಂದ ಟೋನಿ ರೋಪರ್ 1987ರಲ್ಲಿ 'ದ ಸ್ಟೀಮಿ' ನಾಟಕ ಬರೆದ: ಗ್ಲಾಸ್ಗೋದ ಸಾರ್ವಜನಿಕ ಬಟ್ಟೆ ಒಗೆಯುವ ಮನೆಯಲ್ಲಿ ನಾಲ್ಕು ಹೆಂಗಸರು ಬಟ್ಟೆ ಕುಕ್ಕುತ್ತಾ ಆಡುವ ಮಾತೇ ಆ ನಾಟಕ. ಇವರು ಬಡವರ ಮಾತನ್ನು ಅಣಕಿಸಲು ಕಲಿತವರಲ್ಲ, ಆ ಮಾತಲ್ಲೇ ಬೆಳೆದವರು.

ಆದರೂ ಆ ಕಾರ್ಯಕ್ರಮ ಪೂರ್ತಿ ಬಂಡಾಯವಾಗಿತ್ತು ಅಂತ ನಾವು ಹೇಳೋದಿಲ್ಲ. ಅದೊಂದು ಕಲಸುಮೇಲೋಗರ. ಸಿಯಾಡ್ವೆಲ್ ಅಂತ ಒಬ್ಬ ವೇಲ್ಸಿನ ಪೆದ್ದು ಕವಿ ಬರುತ್ತಿದ್ದ. ಆಡಿದ ಜಾನ್ ಸ್ಪಾರ್ಕ್ಸ್ ವೇಲ್ಸಿನವನೇ, ಆದರೂ ನಮಗೆ ಆ ನಗೆ ಅಷ್ಟು ರುಚಿಸಲಿಲ್ಲ. ಬೋಳುತಲೆಯವನೊಬ್ಬ ಬರುತ್ತಿದ್ದ, ಉಳಿದ ನಾಲ್ಕು ಕೂದಲನ್ನು ಅಡ್ಡ ಬಾಚಿ ಮೆರೆಯುವ ಮೂಕಪಾತ್ರ. ಅದನ್ನೂ ಆಡಿದವನು ಇದೇ ಗ್ರೆಗರ್ ಫಿಷರ್. ಬೋಳುತಲೆಯವನಿಗೆ ಚುಟ್ಟದ ಕಂಪನಿ ಜಾಹೀರಾತು ಕೊಟ್ಟಿತು, ಅದು ಬ್ರಿಟನ್ನಿನ ಮನೆಮನೆಗೂ ಹೋಯಿತು. ಯಾಕೆಂದರೆ ಅವನಿಗೆ ಬಾಯಿಲ್ಲ. ಬಾಯಿಲ್ಲದವನನ್ನು ಎಲ್ಲಿ ಬೇಕಾದರೂ ಕರಕೊಂಡು ಹೋಗಬಹುದು!

ಇನ್ನೊಂದು ಪಾತ್ರ ಹೆಲೆನ್ ಲೆಡರರ್ ಆಡಿದ್ದು. ವೈನ್ ಬಾರಿನಲ್ಲಿ ಕೂತು, ಬಾರಿನವನ ಮುಂದೆ ತನ್ನ ದುಃಖ ತೋಡಿಕೊಳ್ಳುತ್ತಾ ಗ್ಲಾಸಿನ ಮೇಲೆ ಗ್ಲಾಸು ಏರಿಸುವ ಉಳ್ಳವರ ಮನೆ ಹುಡುಗಿ. ಒಂದೇ ಕಾರ್ಯಕ್ರಮದಲ್ಲಿ ಇಬ್ಬರು ಕುಡಿಯುವವರು. ಅವಳು ಕುಡಿದರೆ ಒಂಟಿತನ, ಅಯ್ಯೋ ಪಾಪ. ರ‍್ಯಾಬ್ ಕುಡಿದರೆ ಸಮಾಜದ ಪಿಡುಗು, ತೆರಿಗೆದಾರರ ದುಡ್ಡು. ಹೆಂಡ ಒಂದೇ, ಬಟ್ಟೆ ಬೇರೆ. ಬರೆದವರು ಬೇಕೆಂದೇ ಹೀಗೆ ಜೋಡಿಸಿದರೋ ಏನೋ, ನೋಡುವವರಿಗೆ ಮಾತ್ರ ಹೋಲಿಕೆ ಕಣ್ಣಿಗೆ ಹೊಡೆಯುತ್ತೆ.

ಈ ಗುಂಪಿನಲ್ಲಿ ರ‍್ಯಾಬ್ ಒಬ್ಬನೇ ನೋಡುಗರ ಜೊತೆ ಜಗಳಕ್ಕೆ ನಿಂತವನು. ಅವನು ತನ್ನನ್ನು 'ಸ್ಕಮ್' ಅಂತ ಕರೆದುಕೊಳ್ಳುತ್ತಾನೆ, ಅಂದರೆ ಕೊಚ್ಚೆ ನೀರಿನ ಮೇಲೆ ಕಟ್ಟುವ ನೊರೆಕೊಳೆ. ಉಳ್ಳವರು ಇಂಥ ಜನರಿಗೆ ಬೆನ್ನ ಹಿಂದೆ ಬಳಸುವ ಬೈಗುಳ ಅದು. ಅವನು ಅದನ್ನು ಎದೆಗೆ ಬಿಲ್ಲೆಯಂತೆ ಚುಚ್ಚಿಕೊಂಡು ಬರುತ್ತಾನೆ. ಬೈಗುಳವನ್ನು ಬೈಸಿಕೊಂಡವನೇ ಎತ್ತಿಕೊಂಡಮೇಲೆ ಬೈದವನ ಕೈ ಖಾಲಿ. ಎರಡು ನಿಮಿಷದ ತುಣುಕಿನಲ್ಲಿ ಇದಕ್ಕಿಂತ ಹೆಚ್ಚಿನದು ಸಾಧ್ಯವಿರಲಿಲ್ಲ. ತುಣುಕಿನಲ್ಲಿ ಮನುಷ್ಯ ಒಂದು ಗುರುತು ಮಾತ್ರ: ಬ್ಯಾಂಡೇಜು, ಬನಿಯನ್ನು, ಬಾಟ್ಲಿ. ಅವನು ರಾತ್ರಿ ಎಲ್ಲಿ ಮಲಗ್ತಾನೆ, ಬಾಡಿಗೆ ಯಾರು ಕಟ್ತಾರೆ, ಯಾರೂ ಕೇಳೋದಿಲ್ಲ.

1988ರ ಕ್ರಿಸ್ಮಸ್ಸಿಗೆ ರ‍್ಯಾಬ್‌ನದೇ ಒಂದು ವಿಶೇಷ ಕಂತು ಬಂತು. ಹೆಸರು 'ಸೀಸನಲ್ ಗ್ರೀಟ್'. ಇಂಗ್ಲಿಷ್ ಬಲ್ಲವರು ಇದನ್ನು ಹಬ್ಬದ ಶುಭಾಶಯ ಅಂತ ಓದ್ತಾರೆ. ಸ್ಕಾಟ್ಸ್‌ನಲ್ಲಿ 'ಗ್ರೀಟ್' ಅಂದರೆ ಅಳೋದು. ಹಬ್ಬದ ಅಳು! ಹೆಸರಿನಲ್ಲೇ ಎರಡು ಬಾಗಿಲು. ಒಂದರಲ್ಲಿ ಲಂಡನ್ನಿನವರು ಒಳಗೆ ಬಂದರು, ಇನ್ನೊಂದರಲ್ಲಿ ಗೋವನ್‌ನವರು.

ಅಲ್ಲಿಂದ 1990ರಲ್ಲಿ ಅರ್ಧ ಗಂಟೆಯ ಸರಣಿ ಶುರುವಾಯಿತು. ಆ ವರ್ಷವನ್ನು ನೆನಪಿಡಿ. ಗ್ಲಾಸ್ಗೋ ಅದೇ ವರ್ಷ 'ಯುರೋಪಿನ ಸಾಂಸ್ಕೃತಿಕ ನಗರ'. 1983ರಿಂದಲೇ ನಗರಸಭೆ ಊರಿನ ಮುಖ ತೊಳೆಯೋಕೆ ಹೊರಟಿತ್ತು. ಗ್ಲಾಸ್ಗೋ ಮೊದಲಿಗಿಂತ ಎಷ್ಟೋ ಮೇಲು ಅಂತ ನಗುಮುಖದ ಗೊಂಬೆ ಹಾಕಿ ಊರೆಲ್ಲ ಪ್ರಚಾರ. 1990ರಲ್ಲಿ ಸಂಗೀತಸಭೆ, ಚಿತ್ರಪ್ರದರ್ಶನ, ದೇಶವಿದೇಶದ ಗಣ್ಯರು. ಯಾರ ಸಂಸ್ಕೃತಿ ಸ್ವಾಮಿ ಇದು, ಹಡಗು ಕಟ್ಟಿದ ಜನರ ಚರಿತ್ರೆ ಎಲ್ಲಿ ಅಂತ ಕೇಳಿ ಕೆಲ್ಮನ್, ಲೆನರ್ಡ್ ಮೊದಲಾದವರು 'ವರ್ಕರ್ಸ್ ಸಿಟಿ' ಹೆಸರಲ್ಲಿ ಗುಂಪು ಕಟ್ಟಿ ಬರೆದರು. ಅದರ ಹಿಂದಿನ ವರ್ಷವಷ್ಟೇ ಥ್ಯಾಚರ್ ಸರ್ಕಾರ ಬಡವ ಬಲ್ಲಿದ ಅನ್ನದೆ ತಲೆಗೊಂದು ತೆರಿಗೆಯನ್ನು ಮೊದಲು ಸ್ಕಾಟ್ಲೆಂಡಿನ ಮೇಲೆ ಹೇರಿತ್ತು. ಇಂಥ ಹೊತ್ತಿನಲ್ಲಿ, ಊರೆಲ್ಲ ಸುಣ್ಣ ಬಳಿದು ನೆಂಟರನ್ನು ಕರೆದಾಗ, ಹಿತ್ತಿಲಿಂದ ತೂತು ಬನಿಯನ್ನಿನ ಚಿಕ್ಕಪ್ಪ ಎದ್ದು ಬಂದ ಹಾಗೆ ರ‍್ಯಾಬ್ ಬಂದ. ಊರ ಮಾನ ತೆಗೆದ ಅಂತ ಗ್ಲಾಸ್ಗೋದ ಮರ್ಯಾದಸ್ಥರೇ ಗೊಣಗಿದರು.

ಅವರ ದೂರಿನಲ್ಲಿ ಸ್ವಲ್ಪ ಸತ್ಯ ಇಲ್ಲ ಅಂತ ನಾವು ಹೇಳಲಾರೆವು. ಗ್ಲಾಸ್ಗೋದ ಬಡ ಗಂಡಸಿಗೆ ಕುಡಿತ ಬರೀ ಜೋಕಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ಕೊಟ್ಟ ಲೆಕ್ಕ: ಗ್ಲಾಸ್ಗೋದ ಕ್ಯಾಲ್ಟನ್ ಎಂಬ ಬಡವರ ಕೇರಿಯಲ್ಲಿ ಹುಟ್ಟಿದ ಗಂಡು ಮಗುವಿನ ಸರಾಸರಿ ಆಯುಸ್ಸು 54 ವರ್ಷ, ಕೆಲವೇ ಮೈಲಿ ಆಚೆಯ ಲೆನ್ಜಿ ಎಂಬ ಉಳ್ಳವರ ಬಡಾವಣೆಯಲ್ಲಿ 82. ಇಪ್ಪತ್ತೆಂಟು ವರ್ಷದ ಅಂತರ. ಈ ಅಂಕಿ ಓದಿದ ಮೇಲೆ ತೂರಾಡುವ ರ‍್ಯಾಬ್‌ನನ್ನು ನೋಡಿ ನಗುವುದಕ್ಕೆ ಗಂಟಲು ಸ್ವಲ್ಪ ಕಟ್ಟುತ್ತೆ. ಲಂಡನ್ನಿನ ದಿವಾನಖಾನೆಯಲ್ಲಿ ಕೂತವನಿಗೆ ಹಾಗೆ ಕಟ್ಟಿತೇ? ನಮಗೆ ಅನುಮಾನ.

ಆದರೆ ಅರ್ಧ ಗಂಟೆ ಸಿಕ್ಕಿದ್ದರಿಂದ ಒಂದು ಆಯಿತು. ರ‍್ಯಾಬ್‌ಗೆ ಮೆಟ್ಟಿಲು, ಅಡಿಗೆಮನೆ, ಪಕ್ಕದ ಮನೆ ಬಂತು. ಗ್ಯಾಷ್, ಬರ್ನಿ ಅನ್ನೋ ಎರಡು ಮಕ್ಕಳು ಬಂದರು. ಜೇಮ್ಸಿ, ಅವನ ಹೆಂಡತಿ ಎಲ್ಲಾ, 'ಟೂ ವೇಸ್' ಅನ್ನೋ ಹೆಂಡದಂಗಡಿ ಬಂತು. ಎಲ್ಲಕ್ಕಿಂತ ಮುಖ್ಯವಾಗಿ ಮೇರಿ ಬಂದಳು. ಗ್ಲಾಸ್ಗೋ ಗಂಡಸರು ಹೆಂಡತಿಯನ್ನು ಅಕ್ಕರೆಗೆ ಕರೆಯೋ ರೀತಿಯಲ್ಲಿ ರ‍್ಯಾಬ್ ಅವಳನ್ನು 'ಮೇರಿ ಡಾಲ್' ಅಂತಾನೆ. ಅಕ್ಕರೆ ಅವನದು, ದುಡಿಮೆ ಅವಳದು. ಬೇರೆಯವರ ನೆಲ ಒರೆಸಿ ದುಡ್ಡು ತರೋಳು, ಗಂಡನ ಭಾಷಣದ ಮಧ್ಯೆ ಒಂದೇ ಮಾತು ಹೇಳಿ ಅವನ ಗಾಳಿ ಇಳಿಸೋಳು. ಕುಡುಕ ಬೀದಿಯಲ್ಲಿ ನಿಂತು ತತ್ವ ಹೇಳ್ತಾ ಇರುವಾಗ ಮನೆಯಲ್ಲಿ ಒಲೆ ಹಚ್ಚುವವರು ಯಾರು ಅನ್ನೋ ಪ್ರಶ್ನೆಯನ್ನು ಆ ಎರಡು ನಿಮಿಷದ ತುಣುಕು ಮುಚ್ಚಿಟ್ಟಿತ್ತು. ಮೇರಿ ಬಂದು ಬಿಚ್ಚಿಟ್ಟಳು. ಮೇರಿ ಬಾರ್ಬರ್‌ಳ ಊರಿನ ಹೆಂಗಸಲ್ಲವೇ! ನಮ್ಮ ಪ್ರಕಾರ ಆ ಸರಣಿಯ ನಿಜವಾದ ಬೆನ್ನೆಲುಬು ಇವಳೇ. ಹೆಸರು ಮಾತ್ರ ಗಂಡನದು.

ಮುಂದಿನ ತಲೆಮಾರಿನಲ್ಲಿ ಏನಾಯಿತು? 1999ರಲ್ಲಿ ಬಿಬಿಸಿ ಸ್ಕಾಟ್ಲೆಂಡ್ 'ಚೂಯಿನ್ ದ ಫ್ಯಾಟ್' ಶುರು ಮಾಡಿತು. ಫೋರ್ಡ್ ಕೀರ್ನನ್, ಗ್ರೆಗ್ ಹೆಂಫಿಲ್ ಇಬ್ಬರ ಕೂಸು. ಇದೂ ರೇಡಿಯೊದಿಂದಲೇ ಬಂದದ್ದು. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ತುಣುಕು: ಸೂಟು ಹಾಕಿದವನು ಶುದ್ಧ ಇಂಗ್ಲಿಷಿನಲ್ಲಿ ಸುದ್ದಿ ಓದ್ತಾನೆ. ಕಿವುಡರಿಗೆ ಸನ್ನೆಯಲ್ಲಿ ತಿಳಿಸುವವರು ನಿಲ್ಲುವ ಮೂಲೆಯಲ್ಲಿ ಕ್ಯಾಪು ಹಾಕಿದ ಹುಡುಗನೊಬ್ಬ ನಿಂತು ಅದೇ ಸುದ್ದಿಯನ್ನು 'ನೆಡ್'ಗಳಿಗೆ ತರ್ಜುಮೆ ಮಾಡ್ತಾನೆ. ನೆಡ್ ಅಂದರೆ ಬಡಾವಣೆಯ ಪೋಲಿ ಹುಡುಗರಿಗೆ ಸ್ಕಾಟ್ಲೆಂಡಿನಲ್ಲಿ ಇಟ್ಟ ಬೈಗುಳದ ಹೆಸರು.

ನಾವು ನಕ್ಕೆವು, ಸುಳ್ಳು ಹೇಳೋದಿಲ್ಲ. ಸುದ್ದಿಯ ಭಾಷೆಯೇ ಪರಭಾಷೆ, ಅದಕ್ಕೆ ದುಭಾಷಿ ಬೇಕು ಅನ್ನೋ ಮಾತನ್ನು ಇಷ್ಟು ಚೆನ್ನಾಗಿ ಯಾವ ಭಾಷಣವೂ ಹೇಳೋದಿಲ್ಲ. ಅಲ್ಲಿಗೆ ಲೆನರ್ಡ್ ಎತ್ತಿದ ಪ್ರಶ್ನೆ ಬಿಬಿಸಿಯ ಮೂಲೆಗೇ ಬಂದು ನಿಂತಿತು. ಆದರೆ ಆ ಕ್ಯಾಪಿನ ಹುಡುಗ ಆಡೋದು ಇನ್ನೊಬ್ಬರ ಸುದ್ದಿ. ರ‍್ಯಾಬ್ ಹಾಗೆ ಅವನು ತನ್ನ ಮಾತು ಒಂದನ್ನೂ ಆಡೋದಿಲ್ಲ. ಅವನಿಗೆ ಮೇರಿ ಇಲ್ಲ, ಅಡಿಗೆಮನೆ ಇಲ್ಲ. ಆ ಕಾಲದಲ್ಲೇ ಸ್ಕಾಟ್ಲೆಂಡ್ ಸರ್ಕಾರ ಬೀದಿ ಹುಡುಗರ ಪುಂಡಾಟ ಅಡಗಿಸುವ ಕಾಯಿದೆ ತರುತ್ತಿತ್ತು. 2004ರಲ್ಲಿ ಅದು ಜಾರಿಯಾಯಿತು. ನೆಡ್ ಅನ್ನೋ ಪದ ಮಕ್ಕಳನ್ನು ಹೀಗಳೆಯುವ ಪದ ಅಂತ ರೋಸಿ ಕೇನ್ ಎಂಬ ಸಮಾಜವಾದಿ ಸದಸ್ಯೆ 2003ರಲ್ಲಿ ಸ್ಕಾಟ್ಲೆಂಡ್ ಸಂಸತ್ತಿನಲ್ಲಿ ಆಕ್ಷೇಪ ಎತ್ತಿದಾಗ ಪತ್ರಿಕೆಗಳು ಗೇಲಿ ಮಾಡಿದವು. ನಗೆಯೂ ಕಾಯಿದೆಯೂ ಒಂದೇ ಹುಡುಗನ ಬೆನ್ನಿಗೆ ಬಿದ್ದವು.

ಅದೇ ಕಾರ್ಯಕ್ರಮದ ಇಬ್ಬರು ಮುದುಕರು, ಜ್ಯಾಕ್ ಮತ್ತು ವಿಕ್ಟರ್, ಬೇರೆ ದಾರಿ ಹಿಡಿದರು. 2002ರಿಂದ 'ಸ್ಟಿಲ್ ಗೇಮ್' ಎಂಬ ಸರಣಿಯಲ್ಲಿ ಅವರಿಗೆ ಬಡಾವಣೆಯ ಎತ್ತರದ ಬಾಡಿಗೆ ಕಟ್ಟಡದಲ್ಲಿ ಮನೆ ಸಿಕ್ಕಿತು, ಚಳಿ ಸಿಕ್ಕಿತು, ಸಾಯುವ ಗೆಳೆಯರು ಸಿಕ್ಕರು. ಅಲ್ಲಿನ ಅಂಗಡಿಯವನು ನವೀದ್, ನಮ್ಮ ಉಪಖಂಡದ ಕಡೆಯ ಮನೆತನದವನು. ಸಂಜೀವ್ ಕೊಹ್ಲಿ ಆಡಿದ ಈ ನವೀದ್ ಅಪ್ಪಟ ಗ್ಲಾಸ್ಗೋ ಮಾತಿನಲ್ಲೇ ಗಿರಾಕಿಗಳ ನೀರಿಳಿಸುತ್ತಾನೆ. ಹೆಂಡತಿ ಮೀನಾ ತನ್ನ ನುಡಿಯಲ್ಲೇ ಬೈತಾಳೆ, ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತೆ. ಅವಳ ಮುಖವನ್ನು ಮಾತ್ರ ಎಷ್ಟೋ ವರ್ಷ ತೋರಿಸಲೇ ಇಲ್ಲ. ಇದನ್ನು ಜೋಕು ಅಂದರು. ಇರಬಹುದು.

2025ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಗೇಲಿಕ್ ಜೊತೆಗೆ ಸ್ಕಾಟ್ಸ್‌ಗೂ ಅಧಿಕೃತ ಸ್ಥಾನ ಕೊಡುವ ಕಾಯಿದೆ ಪಾಸು ಮಾಡಿದೆ. ಅದು ಗೋವನ್ ಬೀದಿಯ ಬಾಯಿಗೂ ಸೇರುತ್ತೋ, ಹಳೇ ಹಾಡಿನ ಸ್ಕಾಟ್ಸ್‌ಗೆ ಮಾತ್ರವೋ ಅನ್ನೋದನ್ನು ಅಲ್ಲಿನ ಮೇಷ್ಟ್ರುಗಳು ತೋರಿಸಬೇಕು. ರ‍್ಯಾಬ್ ಕಡೆಯ ಸಲ ಬಂದದ್ದು 2014ರ ಹೊಸವರ್ಷದಲ್ಲಿ. ಅದರ ಹಿಂದಿನ ಏಪ್ರಿಲ್‌ನಲ್ಲಿ ಲಂಡನ್ ಸರ್ಕಾರ ಹೊಸ ಲೆಕ್ಕ ತಂದಿತ್ತು: ಸರ್ಕಾರಿ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹೆಚ್ಚಿದ್ದರೆ ಬಡವನ ಬಾಡಿಗೆ ನೆರವಿನಲ್ಲಿ ನೂರಕ್ಕೆ 14 ಕಡಿತ, ಎರಡು ಹೆಚ್ಚಿದ್ದರೆ 25. ಮಕ್ಕಳು ಬೆಳೆದು ಹೊರಗೆ ಹೋದ ಮನೆಯಲ್ಲಿ ಖಾಲಿ ಕೋಣೆ ಇರದೆ ಏನಿರುತ್ತೆ? ಆ ಕಡಿತ ರ‍್ಯಾಬ್ ಮತ್ತು ಮೇರಿಯ ಬಾಗಿಲಿಗೂ ಬಂತು. 1915ರಲ್ಲಿ ಬಾಡಿಗೆ, ನೂರು ವರ್ಷಕ್ಕೆ ಒಂದು ಕಡಿಮೆ ಇರುವಾಗ ಮತ್ತೆ ಬಾಡಿಗೆ. ಅದೇ ಗೋವನ್, ಅದೇ ಬನಿಯನ್ನು.